ಮಳೆಗಾಲದ ದಾಸ್ತಾನಿಗೆ ಎರಡು ಹಲಗೆ

ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಎಲ್ಲ ಭರಣಿ, ಡಬ್ಬ ಸೇರಿದವೇ? ಸೌದೆ ಕೊಟ್ಟಿಗೆ ಸೇರಿತೇ? ನಮ್ಮ ಮಲೆನಾಡಿನ ಹೆಂಗಸರಿಗೆ ಮೇ ತಿಂಗಳೆಂದರೆ ಇದೇ ಧಾವಂತ. ಈ ಸಲ ಆ ಪಟ್ಟಿಗೆ ಇನ್ನೊಂದನ್ನು ಸೇರಿಸಿಕೊಳ್ಳಿ ಅಂತ ಹೇಳಲು ಕೂತಿದ್ದೇನೆ. ಅದು ಜೀಪಿನ ಹಲಗೆ. "ಅದು ಗಂಡಸರ ಕೆಲಸ ಅಲ್ವಾ?" ಎಂದು ನಗಬೇಡಿ. ನಾನೂ ಹಾಗೇ ಅಂದುಕೊಂಡಿದ್ದವಳೇ.

ನಮ್ಮ ಮನೆ ದೇವರಮನೆ ಗುಡ್ಡದ ಕೆಳಗೆ. ಕಾಲಭೈರವೇಶ್ವರನ ಗುಡಿಗೆ ಬರುವವರಿಗೆ ಮಂಜು, ಮಳೆ ಎಲ್ಲ ಚಂದ. ನಮಗೋ, ಡಾಂಬರು ರಸ್ತೆ ಮುಟ್ಟಲು ಒಂದು ಮೈಲಿ ಕೆಮ್ಮಣ್ಣಿನ ಏರು. ಹೋದ ವರ್ಷ ಪುಷ್ಯ ಮಳೆಯಲ್ಲಿ, ಒಂದು ರಾತ್ರಿ ಅತ್ತೆಯವರಿಗೆ ಉಬ್ಬಸ ಜೋರಾಯಿತು. ಕಂಬಳಿ ಹೊದಿಸಿ ಜೀಪು ಹತ್ತಿಸಿದೆವು. ಅರ್ಧ ಏರಿನಲ್ಲಿ ಗಾಲಿ ಕೆಸರಿಗಿಳಿಯಿತು. ನಮ್ಮವರು ಗಾಬರಿಯಲ್ಲಿ ಆಕ್ಸಿಲೇಟರ್ ತುಳಿದರು. ತುಳಿದಷ್ಟೂ ಗಾಲಿ ತನ್ನ ಗುಂಡಿ ತಾನೇ ತೋಡಿಕೊಂಡಿತು. ನಾನು ಗೊಬ್ಬರದ ಪ್ಲಾಸ್ಟಿಕ್ ಚೀಲ ತುರುಕಿದೆ. ಅದು ಸರ್ರನೆ ಜಾರಿ ಹಿಂದಕ್ಕೆ ಹಾರಿತು. ಟೈರಿನ ಚೈನು? ಮನೆಯ ಅಟ್ಟದ ಮೇಲೆ ಭದ್ರವಾಗಿತ್ತು! ಕಡೆಗೆ ಲೈನಿನ ಹುಡುಗರು ಗೋಣಿಚೀಲ, ಹಳೇ ಬಾಗಿಲಿನ ಹಲಗೆ ಹೊತ್ತು ತಂದರು. ಮುಕ್ಕಾಲು ಗಂಟೆ ಅತ್ತೆಯ ಎದೆಯ ಗೊರಗೊರ ಕೇಳುತ್ತ ಕೂತಿದ್ದೆ. ದೇವರ ದಯೆ, ಮೂಡಿಗೆರೆ ಆಸ್ಪತ್ರೆ ಮುಟ್ಟಿದೆವು.

ಅವತ್ತು ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಗಾಲಿ ಸುತ್ತಿದರೂ ಗಾಡಿ ಕದಲದಿದ್ದರೆ ಕೂಡಲೇ ನಿಲ್ಲಿಸಬೇಕು. ಗಾಲಿಯ ಮುಂದಿನ ಕೆಸರನ್ನು ಗುದ್ದಲಿಯಿಂದ ಇಳಿಜಾರಾಗಿ ತೆಗೆದು, ಸೆಣಬಿನ ಗೋಣಿಯನ್ನು ಮಡಿಸಿ ಟೈರಿನ ಬುಡಕ್ಕೆ ಒತ್ತಿ ಕೊಡಬೇಕು. ಸೆಣಬು ಹಿಡಿಯುತ್ತದೆ, ಪ್ಲಾಸ್ಟಿಕ್ ಜಾರುತ್ತದೆ. ಗೋಣಿ ಇಲ್ಲದಿದ್ದರೆ ಲಂಟಾನದ ಕಡ್ಡಿ, ಜಲ್ಲಿಯೂ ಆದೀತು.

ಹಲಗೆಗೆ ಹಲಸಿನಂಥ ಗಟ್ಟಿ ಮರ ಇರಲಿ. ಒಂದು ಅಡಿ ಅಗಲ, ನಾಲ್ಕೈದು ಅಡಿ ಉದ್ದದ ಎರಡು ಸಾಕು. ಮೇಲೆ ಗೇಣಿಗೊಂದರಂತೆ ಅಡ್ಡಪಟ್ಟಿ ಹೊಡೆಸಿ. ಮೊಳೆಯ ತುದಿ ಹೊರಗೆ ಚಾಚಿರಬಾರದು, ಟೈರು ತೂತಾದೀತು. ತುದಿಗೆ ಹಗ್ಗ ಕಟ್ಟಿದರೆ ಕೆಸರಿನಿಂದ ಎಳೆಯಲು ಸುಲಭ. ಗಾಡಿ ಹೊರಡುವಾಗ ಯಾರೂ ಗಾಲಿಯ ಹಿಂದೆ ಮುಂದೆ ನಿಲ್ಲಬಾರದು. ಹಲಗೆ ಚಿಮ್ಮಿದರೆ ಕಾಲು ಮುರಿಯುತ್ತದೆ.

ಎರಡು ಅಡಿಯ ಚರಂಡಿ ದಾಟಿಸಲು ಇದೇ ಹಲಗೆ ಬಳಸುವುದಾದರೆ ಮೂರು ಅಂಗುಲ ದಪ್ಪ ಇರಲಿ, ಎರಡೂ ದಡದ ಗಟ್ಟಿ ನೆಲದ ಮೇಲೆ ಒಂದೊಂದು ಅಡಿ ಕೂರಲಿ. ಅಡಿಕೆ ಮರದ ಸಂಕ ನಾವು ನಡೆಯುವುದಕ್ಕೆ ಸರಿ, ಜೀಪಿಗಲ್ಲ. ಅಡಿಕೆ ಮರ ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಜೀಪು ಒಂದು ಟನ್ನಿಗೂ ಮೇಲೆ.

ಚೈನನ್ನು ಸಿಕ್ಕಿಬಿದ್ದ ಮೇಲಲ್ಲ, ಕೆಸರಿಗಿಳಿಯುವ ಮೊದಲೇ ಕಟ್ಟಬೇಕು. ಎರಡೂ ಬದಿಯ ಗಾಲಿಗೆ ಬಿಗಿಯಾಗಿ ಕಟ್ಟಿ, ಸ್ವಲ್ಪ ದೂರ ಹೋಗಿ ಮತ್ತೆ ಬಿಗಿ ಮಾಡಿ. ಡಾಂಬರು ಸಿಕ್ಕಿದೊಡನೆ ಬಿಚ್ಚಿಬಿಡಿ, ಟೈರೂ ಉಳಿಯುತ್ತದೆ, ರಸ್ತೆಯೂ ಉಳಿಯುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಹರಿಯುವ ನೀರಿನ ಮುಂದೆ ಈ ಹಲಗೆ, ಚೈನು ಯಾವುದೂ ನಡೆಯದು. 2019ರ ಆಗಸ್ಟ್ ನೆರೆಯಲ್ಲಿ ಕಳಸ-ಹೊರನಾಡಿನ ಹೆಬ್ಬಾಳೆ ಸೇತುವೆಯೇ ಭದ್ರೆಯಲ್ಲಿ ಮುಳುಗಿತ್ತು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಗಂಡಸರು "ಏನಾಗಲ್ಲ, ಕೂತ್ಕೋ" ಎಂದರೂ ನೀವು ಇಳಿದುಬಿಡಿ. ನೀವು ಇಳಿದರೆ ಅವರೂ ನಿಲ್ಲಿಸುತ್ತಾರೆ.

ಈಗ ನಮ್ಮ ಜೀಪಿನ ಹಿಂದೆ ಹಲಗೆ, ನಾಲ್ಕು ಗೋಣಿ, ಗುದ್ದಲಿ, ಚೈನು, ಹಗ್ಗ ಆರಿದ್ರಾ ಮಳೆಗೆ ಮುಂಚೆಯೇ ಹತ್ತುತ್ತವೆ. ಎಣಿಸಿ ಇಡುವವಳು ನಾನೇ. ಜೀಪು ಶುರುವಾದ ಸದ್ದು ಕೇಳಿದರೆ ಸಾಕು, ಅತ್ತೆ ಒಳಗಿನಿಂದಲೇ ಕೂಗುತ್ತಾರೆ: "ಹಲಗೆ ಹಾಕಿಯಾಯ್ತೇನೇ?"

ಆ ದನಿ ಕೇಳುವಾಗೆಲ್ಲ ನನ್ನ ಜೀವಕ್ಕೆ ನೆಮ್ಮದಿ.