ಹಳದಿ-ಕೆಂಪು ಕ್ರೀಮ್ ಕೇಕು ಈ ಸಲ ಬೇಡ

ಕಳೆದ ನವೆಂಬರ್ ಒಂದರ ಫೋಟೋಗಳನ್ನು ಒಮ್ಮೆ ತೆಗೆದು ನೋಡಿ. ಭುವನೇಶ್ವರಿ ತಾಯಿಯ ಪಟ, ಡೊಳ್ಳು, ಹೆಗಲ ಮೇಲೆ ಹಳದಿ-ಕೆಂಪು ಶಲ್ಯ, ಎಲ್ಲ ಚೆನ್ನಾಗಿದೆ. ನಡುವೆ ಮೇಜಿನ ಮೇಲೆ ಹದಿನೈದು ಕೆಜಿ ಕೇಕು. ಕರ್ನಾಟಕದ ನಕ್ಷೆಯ ಆಕಾರ, ಮೇಲರ್ಧ ಹಳದಿ ಕ್ರೀಮು, ಕೆಳಗರ್ಧ ಕೆಂಪು ಕ್ರೀಮು. ಚಾಕು ಮೊದಲು ಇಳಿದದ್ದು ಬೀದರ್ ಮೇಲೆ. ಐದೇ ನಿಮಿಷದಲ್ಲಿ ಬೀದರ್ ಒಬ್ಬರ ತಟ್ಟೆಗೆ, ಕಾರವಾರ ಇನ್ನೊಬ್ಬರ ಕೆನ್ನೆಗೆ, ಚಾಮರಾಜನಗರ ಸೀದಾ ಆಡಿಟೋರಿಯಂ ಮೆಟ್ಟಿಲಿಗೆ ಹೋಯ್ತು. ಆಮೇಲೆ ಆ ಮೆಟ್ಟಿಲನ್ನು ಬಿಸಿನೀರು ಹಾಕಿ ಉಜ್ಜಿದವರು ನಾವಲ್ಲ, ಹೌಸ್‌ಕೀಪಿಂಗ್ ಅಕ್ಕಂದಿರು. ಅವರಿಗೂ ಅವತ್ತು ರಾಜ್ಯೋತ್ಸವವೇ.

ಆ ಕೇಕಿನ ರುಚಿ ಏನಿತ್ತು ಅಂತ ಯಾರಿಗಾದ್ರೂ ನೆನಪಿದೆಯಾ? ನಮಗಂತೂ ಇಲ್ಲ. ಸಂಜೆವರೆಗೂ ನಾಲಿಗೆ ಕೆಂಪಗಿತ್ತು ಅನ್ನೋದಷ್ಟೇ ನೆನಪು.

ನಾವು ಅಂದರೆ ಕ್ಲಬ್ಬಿನ ನಾಲ್ಕು ಜನ, ಹಳೇ ದೊಮ್ಮಲೂರಿನಲ್ಲಿ ಮೊದಲ ಮಹಡಿಯ ಮನೆ ಬಾಡಿಗೆಗೆ ಹಿಡಿದಿರುವವರು. ಕೋಲಾರ, ಶಿರಸಿ, ಧಾರವಾಡ, ಹಾಸನ, ಹೀಗೆ ನಾಲ್ಕು ಊರಿನವರು. ಒಂದು ವರ್ಷದಿಂದ ನಮ್ಮ ಮನೆಯಲ್ಲಿ 28 ಲೀಟರಿನ ಒಂದು ಸೆಕೆಂಡ್ ಹ್ಯಾಂಡ್ ಓಟಿಜಿ ಇದೆ. ಅದರಲ್ಲಿ ನಾವು ಮಾಡಿದ್ದು, ಸುಟ್ಟಿದ್ದು, ತಿಂದಿದ್ದು ಎಲ್ಲ ಸೇರಿಸಿ ಈಗ ಕಮಿಟಿಯ ಮುಂದೆ ಒಂದು ಮಾತು ಇಡ್ತಿದ್ದೀವಿ. ಈ ರಾಜ್ಯೋತ್ಸವಕ್ಕೆ ಆರ್ಡರ್ ಕೇಕು ಬೇಡ. ಆ ತಿಂಗಳಲ್ಲಿ ತಳ್ಳುಗಾಡಿಯ ಮೇಲೆ ಯಾವ ಹಣ್ಣು ಇರುತ್ತೋ ಅದರಿಂದ ನಾವೇ ಬೇಯಿಸೋಣ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೀವಿ. ಇದು ಹೆದರಿಸುವ ಲೇಖನ ಅಲ್ಲ. 2024ರ ಅಕ್ಟೋಬರಿನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಕೇಕುಗಳ ಬಣ್ಣದ ಬಗ್ಗೆ ಎಚ್ಚರಿಕೆ ಕೊಟ್ಟಿದ್ದು ನಿಜ. ಪರೀಕ್ಷೆ ಮಾಡಿದ 235 ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣದ ತೊಂದರೆ ಕಂಡಿತ್ತು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಥರದ ಹೆಸರುಗಳು ಪೇಪರಿನಲ್ಲಿ ಬಂದವು. ಆದರೆ ಉಳಿದ 223 ಸರಿಯಾಗಿದ್ದವು ಅನ್ನೋದೂ ಅಷ್ಟೇ ನಿಜ. ಹಾಗಾಗಿ ‘ಬೇಕರಿ ಕೇಕ್ ತಿಂದ್ರೆ ಕತೆ ಮುಗೀತು’ ಅಂತ ಫಾರ್ವರ್ಡ್ ಮಾಡುವ ಅಂಕಲ್‌ಗಳ ಸಾಲಿಗೆ ನಾವು ಸೇರಲ್ಲ. ನಮ್ಮ ತಕರಾರು ರುಚಿಯದ್ದು.

ಪೈನಾಪಲ್ ಕೇಕು ಜನವರಿಯಲ್ಲೂ ಒಂದೇ, ಜುಲೈನಲ್ಲೂ ಒಂದೇ. ಯಾಕಂದ್ರೆ ಎಷ್ಟೋ ಕಡೆ ಆ ವಾಸನೆ ಅನಾನಸ್‌ನಿಂದ ಬರೋದಲ್ಲ, ಬಾಟಲಿಯಿಂದ ಬರೋದು. ಪಿಯುಸಿಯಲ್ಲಿ ಎಸ್ಟರ್ ಓದಿದ್ದು ನೆನಪಿರಬೇಕಲ್ಲ? ಐಸೋಅಮೈಲ್ ಅಸಿಟೇಟ್ ಮೂಗಿಗೆ ಹಿಡಿದರೆ ಬಾಳೆಹಣ್ಣು, ಈಥೈಲ್ ಬ್ಯುಟಿರೇಟ್ ಹಿಡಿದರೆ ಅನಾನಸ್. ಕೆಮಿಸ್ಟ್ರಿ ತಪ್ಪಲ್ಲ, ಅದೇ ಅಣು ಹಣ್ಣಿನಲ್ಲೂ ಇದೆ. ಆದರೆ ಹಣ್ಣಿನಲ್ಲಿ ಆ ಒಂದು ಅಣುವಿನ ಜೊತೆ ಹುಳಿ, ನಾರು, ಒಗರು, ಇನ್ನೂ ಹತ್ತಾರು ವಾಸನೆ ಇರುತ್ತೆ. ಬಾಟಲಿಯಲ್ಲಿ ಒಂದೇ ಸ್ವರ. ಆರ್ಕೆಸ್ಟ್ರಾ ಕರೆಸಿ ಒಂದೇ ಕೀ ಒತ್ತಿಸಿದ ಹಾಗೆ.

ಹಣ್ಣು ಹಾಕಿದರೆ ತಾನೇ ರುಚಿ ಬಂದುಬಿಡುತ್ತೆ ಅಂದ್ಕೊಂಡಿದ್ದೆವು. ಇಲ್ಲ ಗುರು. ನಮ್ಮ ಮೊದಲ ಪ್ರಯೋಗ ಫೆಬ್ರವರಿಯಲ್ಲಿ, ಬೆಂಗಳೂರು ನೀಲಿ ದ್ರಾಕ್ಷಿಯಿಂದ. ನಮ್ಮ ಜಿಲ್ಲೆಯದ್ದೇ ಹಣ್ಣು, ಜಿಐ ಟ್ಯಾಗ್ ಬೇರೆ ಇದೆ, ಸಿಪ್ಪೆಯ ವಾಸನೆಯೇ ಬೇರೆ. ರಸ ಹಿಂಡಿ ಹಿಟ್ಟಿಗೆ ಹಾಕಿ, ಚೆನ್ನಾಗಿ ಉಬ್ಬಲಿ ಅಂತ ಒಂದು ಚಮಚ ಅಡುಗೆ ಸೋಡಾ ಜಾಸ್ತಿಯೇ ಹಾಕಿದೆವು. ಓವನ್ನಿನಿಂದ ಹೊರಗೆ ಬಂದದ್ದು ಪಾಚಿ ಬಣ್ಣದ ಇಟ್ಟಿಗೆ. ಆಮೇಲೆ ಹೊಳೀತು: ದ್ರಾಕ್ಷಿಯ ನೇರಳೆ ಬಣ್ಣ ಆಂಥೋಸಯನಿನ್, ಅದು ಲಿಟ್ಮಸ್ ಇದ್ದ ಹಾಗೆ. ಹುಳಿಯಲ್ಲಿ ಕೆಂಪು, ಕ್ಷಾರ ಜಾಸ್ತಿಯಾದರೆ ನೀಲಿ, ಹಸಿರು. ಸೆಮಿಸ್ಟರ್ ಪೂರ್ತಿ ಟೈಟ್ರೇಷನ್ ಮಾಡಿ ಔಟ್-ಆಫ್-ಔಟ್ ತಗೊಂಡವರು ಸ್ವಂತ ಕೇಕಿನ ಎಂಡ್ ಪಾಯಿಂಟ್ ತಪ್ಪಿಸಿಕೊಂಡಿದ್ದೆವು.

ಮೇನಲ್ಲಿ ರಸಪುರಿ. ರಸವೇ ಅದರ ಗುಣ, ಕೇಕಿಗೆ ಅದೇ ಶತ್ರು. ನಡುಭಾಗ ಗುಂಡಿ ಬಿದ್ದು ಒಳಗೆ ಹಲ್ವದ ಹಾಗಾಯ್ತು. ಎರಡನೇ ಸಲ ತಿರುಳನ್ನು ಬಾಣಲೆಯಲ್ಲಿ ಅರ್ಧಕ್ಕೆ ಇಂಗಿಸಿ ಹಾಕಿದೆವು, ಆಗ ಸರಿಹೋಯ್ತು. ಸೀತಾಫಲದ್ದು ಇನ್ನೊಂದು ಕತೆ. ಅದನ್ನು ಬೇಯಿಸಿದರೆ ಪರಿಮಳ ಹೋಗಿ ಕಹಿ ಬರುತ್ತೆ. ಬೆಂದ ಸಾದಾ ಕೇಕಿನ ಮೇಲೆ ಹಸಿ ತಿರುಳನ್ನೇ ಸವರಬೇಕು, ಬೇರೆ ದಾರಿ ಇಲ್ಲ.

ಗೆದ್ದದ್ದು ಹಲಸು. ಜೂನಿನಲ್ಲಿ ಕೋಲಾರದ ಹುಡುಗ ಊರಿಂದ ಒಂದು ಹಣ್ಣು ಹೊತ್ತು ತಂದ (ಬಸ್ಸಿನಲ್ಲಿ ಕಂಡಕ್ಟರ್ ಲಗೇಜ್ ಕೇಳಿದ್ರಂತೆ, ಎರಡು ತೊಳೆ ಕೊಡ್ತೀನಿ ಅಂದನಂತೆ). ತೊಳೆ ರುಬ್ಬಿ, ಬೆಲ್ಲ, ತುಪ್ಪ, ರವೆ, ಏಲಕ್ಕಿ ಸೇರಿಸಿ ಬೇಯಿಸಿದರೆ ಮನೆ ತುಂಬ ವಾಸನೆ. ಶಿರಸಿಯವನು ಒಂದು ತುಂಡು ಬಾಯಿಗೆ ಹಾಕಿ, ‘ಇದು ನಮ್ಮನೆ ಕಡುಬೇ ಅಲ್ದಾ?’ ಅಂದ. ಹೌದಲ್ಲ! ಅವರ ಅಮ್ಮ ಬಾಳೆಲೆಯಲ್ಲಿ ಹಬೆಗೆ ಇಡ್ತಾರೆ, ಕರಾವಳಿಯವರು ಅದನ್ನೇ ತೇಗದ ಎಲೆಯಲ್ಲಿ ಕಟ್ಟಿ ಗಟ್ಟಿ ಅಂತಾರೆ, ನಾವು ತಗಡಿನ ಡಬ್ಬಿಯಲ್ಲಿ ಒಣ ಶಾಖಕ್ಕೆ ಇಟ್ಟೆವು. ಮಳೆಗಾಲಕ್ಕೆ ಸೌತೆಕಾಯಿ ಕಡುಬು, ಕಬ್ಬಿನ ಆಲೆ ಶುರುವಾದಾಗ ತೊಡದೇವು. ಕಾಲ ನೋಡಿ ಸಿಹಿ ಮಾಡೋದು ನಮ್ಮ ಕಡೆ ಹೊಸದೇನಲ್ಲ.

ಇಲ್ಲಿಗೆ ಬಂದಾಗ ಕ್ಲಬ್ಬಿನಲ್ಲೇ ಒಬ್ಬರು ಕೇಳಿದ ಪ್ರಶ್ನೆ ಎದುರಾಗುತ್ತೆ: ‘ಹಂಗಾದ್ರೆ ಹೋಳಿಗೆನೇ ಮಾಡಿ ಮಗಾ, ಕನ್ನಡ ಹಬ್ಬಕ್ಕೆ ಕೇಕ್-ಬಿಸ್ಕತ್ತು ಯಾಕೆ?’ ಹೋಳಿಗೆ ಮಾಡುವವರಿದ್ದರೆ ನಾವು ಮೊದಲ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ತೀವಿ. ಆದರೆ ಬೇಕರಿ ನಮ್ಮದಲ್ಲ ಅನ್ನೋ ಮಾತು ಒಪ್ಪಲ್ಲ. ಚಿಕ್ಕಪೇಟೆಯ ಬಿ.ಬಿ. ಬೇಕರಿ 1898ರದ್ದು, ಶುರು ಮಾಡಿದವರು ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್. ಅಲ್ಲಿಂದ ಮುಂದೆ ಅಯ್ಯಂಗಾರ್ ಬೇಕರಿ ಅನ್ನೋದು ಕರ್ನಾಟಕದ ಹಳ್ಳಿಹಳ್ಳಿಗೂ ಹೋಯ್ತು. ಖಾರಾ ಬನ್ನು, ಕೊಬ್ಬರಿ ಬಿಸ್ಕತ್ತು, ದಿಲ್‌ಪಸಂದ್ ತಿನ್ನದೆ ಇಂಜಿನಿಯರಿಂಗ್ ಸೇರಿದ ಒಬ್ಬ ಕನ್ನಡಿಗನನ್ನು ತೋರಿಸಿ ನೋಡೋಣ. ಆ ಒಲೆಯ ಮುಂದೆ ನಿಂತವರು ಮೈದಾ ಬೇರೆಯವರದ್ದು ಅಂತ ಕೂರಲಿಲ್ಲ. ಅದಕ್ಕೆ ಹಸಿಮೆಣಸಿನಕಾಯಿ, ಕರಿಬೇವು ಹಾಕಿ ನಮ್ಮದು ಮಾಡಿದರು.

ಇನ್ನು ದೊಮ್ಮಲೂರು ಅಂದರೆ ದಂಡು ಪ್ರದೇಶದ ಅಂಚು. ನಮ್ಮ ಕೆಳಗಿನ ಮನೆಯ ಆಂಟಿ ಹುಟ್ಟಿ ಬೆಳೆದದ್ದು ಫ್ರೇಜರ್ ಟೌನಿನಲ್ಲಿ. ಅವರ ಕಾಲದಲ್ಲಿ ಮನೆಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು? ಕ್ರಿಸ್‌ಮಸ್‌ಗೆ ಹಿಟ್ಟು ಮನೆಯಲ್ಲೇ ಕಲಸಿ, ಟಿನ್ನಿಗೆ ಹೆಸರಿನ ಚೀಟಿ ಅಂಟಿಸಿ, ರಾತ್ರಿ ಬೇಕರಿಯ ಸೌದೆ ಒಲೆಗೆ ಕೊಟ್ಟು ಬರ್ತಿದ್ದರಂತೆ. ‘ಓವನ್ ಇಲ್ಲ ಅಂತ ಯಾರೂ ಕೇಕ್ ಬಿಡ್ಲಿಲ್ಲ ಮಕ್ಳೇ’ ಅಂದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತೆ.

ಈಗ ಬಣ್ಣದ ವಿಷಯ. ಹಳದಿ-ಕೆಂಪು ಇಲ್ಲದೆ ರಾಜ್ಯೋತ್ಸವ ಹೇಗೆ ಅಂತ ಸೀನಿಯರ್‌ಗಳು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಬಾವುಟದ ಬಣ್ಣ ಅರಿಶಿನ-ಕುಂಕುಮದ್ದು ತಾನೇ? ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತೆ, ಆರತಿ ತಟ್ಟೆಯ ಓಕುಳಿ ನೀರು ಅದೇ. ಹಾಗಾದರೆ ಅರ್ಧ ಹಿಟ್ಟಿಗೆ ಬರೀ ಅರಿಶಿನ, ಇನ್ನರ್ಧಕ್ಕೆ ಅರಿಶಿನ ಮತ್ತು ಸೋಡಾ ಹಾಕಿದರೆ ಎರಡೂ ಬಣ್ಣ ಒಂದೇ ಡಬ್ಬಿಯಿಂದ ಬರಬೇಕಲ್ಲ ಅಂತ ನಾವು ಕುಣಿದಾಡಿದೆವು. ಬಣ್ಣ ಬಂತು, ಕೆಂಗಂದು. ರುಚಿ ಮಾತ್ರ ಬಟ್ಟೆ ಸೋಪು. ಆ ಬ್ಯಾಚ್ ಬೀದಿನಾಯಿಯೂ ಮೂಸಿ ಬಿಟ್ಟು ಹೋಯ್ತು. ಬೀಟ್‌ರೂಟ್ ಹಾಕಿ ನೋಡಿದೆವು, ಓವನ್ನಿನ ಶಾಖಕ್ಕೆ ಕಂದಿ ಮಣ್ಣಿನ ಬಣ್ಣಕ್ಕೆ ತಿರುಗಿತು.

ಉತ್ತರ ಚೊಕ್ಕನಾಥಸ್ವಾಮಿ ದೇವಸ್ಥಾನದ ಕಡೆಯಿಂದ ಬರುವ ತಳ್ಳುಗಾಡಿಯ ಮೇಲೆ ಇತ್ತು. ಕೆಂಪು ತಿರುಳಿನ ಸೀಬೆಹಣ್ಣು. (ಧಾರವಾಡದವನು ಪೇರಲ ಅಂತಾನೆ, ಶಿರಸಿಯವನು ಪೇರಲೆ. ಈ ಜಗಳ ಇನ್ನೂ ಮುಗಿದಿಲ್ಲ.) ನಮ್ಮ ಹೆಸರಘಟ್ಟದ ಐಐಎಚ್‌ಆರ್ ಬಿಡುಗಡೆ ಮಾಡಿದ ಅರ್ಕಾ ಕಿರಣ್ ಅನ್ನೋ ತಳಿಯ ತಿರುಳು ಕೆಂಪು. ಸೀಬೆಯ ಕೆಂಪು ಲೈಕೋಪೀನ್, ಟೊಮೆಟೊದಲ್ಲಿ ಇರೋದೇ. ಶಾಖಕ್ಕೆ ಸುಲಭವಾಗಿ ಬಗ್ಗಲ್ಲ, ಸೋಡಾಕ್ಕೆ ಬಣ್ಣ ಬದಲಿಸಲ್ಲ. ಮೇಲಾಗಿ ಸೀಬೆಯಲ್ಲಿ ಪೆಕ್ಟಿನ್ ಧಾರಾಳ, ಜಾಮ್ ತಾನೇ ಗಟ್ಟಿಯಾಗುತ್ತೆ, ಯಾವ ಪುಡಿಯೂ ಬೇಡ. ಅರಿಶಿನದ ಬೆಣ್ಣೆ ಬಿಸ್ಕತ್ತು ಮಾಡಿ, ನಡುವೆ ಹೆಬ್ಬೆರಳು ಒತ್ತಿ, ಆ ಗುಳಿಗೆ ಸೀಬೆ ಜಾಮ್ ತುಂಬಿ ಬೇಯಿಸಿದೆವು. ಹಳದಿಯ ನಡುವೆ ಕೆಂಪು. ಕ್ರೀಮಿನಷ್ಟು ರಂಗು ಇಲ್ಲ, ನಿಜ. ಆದರೆ ತಿಂದವರು ಎರಡನೆಯದಕ್ಕೆ ಕೈ ಹಾಕಿದರು.

ಅಳತೆ ಹೇಳಿಬಿಡ್ತೀವಿ. ನಲವತ್ತು ಬಿಸ್ಕತ್ತಿಗೆ ಮೈದಾ 300 ಗ್ರಾಂ, ಬೆಣ್ಣೆ 200 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ಕಾಲು ಚಮಚ ಅರಿಶಿನ, ನಾಲ್ಕು ಏಲಕ್ಕಿ, ಒಂದು ಚಿಟಿಕೆ ಉಪ್ಪು. ಸೋಡಾ ಇಲ್ಲ, ಮೊಟ್ಟೆ ಇಲ್ಲ, ಹಾಗಾಗಿ ‘ನಾನು ತಿನ್ನಲ್ಲ’ ಅನ್ನುವವರೂ ಕಮ್ಮಿ. ಬೆಣ್ಣೆ-ಸಕ್ಕರೆ ಬೆಳ್ಳಗಾಗುವವರೆಗೆ ತಿರುವಿ, ಮೈದಾ ಹಾಕಿದ ಮೇಲೆ ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ನಾದಿದಷ್ಟೂ ಗ್ಲುಟೆನ್ ಬಿಗಿಯಾಗಿ ಬಿಸ್ಕತ್ತು ಕಲ್ಲಾಗುತ್ತೆ. 170 ಡಿಗ್ರಿಯಲ್ಲಿ ಹದಿನೈದು ನಿಮಿಷ, ಅಂಚು ಕಂದು ತಿರುಗುವ ಮೊದಲೇ ತೆಗೆಯಿರಿ.

ಜಾಮಿನ ಬಗ್ಗೆ ಒಂದು ಎಚ್ಚರಿಕೆ. ವಿದೇಶಿ ವಿಡಿಯೋಗಳಲ್ಲಿ 105 ಡಿಗ್ರಿ ಬರುವವರೆಗೆ ಕುದಿಸಿ ಅಂತಾರೆ. ನಾವು ಥರ್ಮಾಮೀಟರ್ ಇಟ್ಟುಕೊಂಡು ಶ್ರದ್ಧೆಯಿಂದ ಹಾಗೇ ಮಾಡಿ ಬರ್ಫಿ ಪಡೆದೆವು. ಕಾರಣ ಸರಳ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿ ನೀರು ಕುದಿಯೋದೇ ಸುಮಾರು 97ಕ್ಕೆ. ಆ ಮೂರು ಡಿಗ್ರಿ ಜಾಮಿಗೂ ಕಳೆಯಬೇಕು, 101-102ಕ್ಕೆ ಒಲೆ ಆರಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ತಣ್ಣನೆ ತಟ್ಟೆಗೆ ಒಂದು ಹನಿ ಬಿಡಿ, ಓರೆ ಮಾಡಿದಾಗ ಹರಿಯದಿದ್ದರೆ ಆಯ್ತು. ಕೆಳಗಿನ ಮನೆ ಆಂಟಿಗೆ ಥರ್ಮೋಡೈನಮಿಕ್ಸ್ ಇಲ್ಲದೆಯೇ ಇದು ಗೊತ್ತಿತ್ತು.

ಈಗ ಲೆಕ್ಕ. ಇನ್ನೂರು ಜನಕ್ಕೆ ತಲಾ ಎರಡು, ಒಟ್ಟು ನಾನೂರು ಬಿಸ್ಕತ್ತು. ನಮ್ಮ ಓಟಿಜಿಯಲ್ಲಿ ಒಂದು ಸಲಕ್ಕೆ ಹದಿನಾರು. ಇಪ್ಪತ್ತೈದು ಬ್ಯಾಚು, ಒಂದಕ್ಕೆ ಹದಿನೆಂಟು ನಿಮಿಷ ಅಂದರೂ ಏಳೂವರೆ ಗಂಟೆ, ಮಧ್ಯೆ ಕರೆಂಟ್ ಹೋಗದಿದ್ದರೆ. ಆಗಲ್ಲ. ಅದಕ್ಕೇ ಆಂಟಿಯ ಹಳೇ ದಾರಿ ಹಿಡಿದೆವು. ನಮ್ಮ ಬೀದಿಯ ಬೇಕರಿ ಅಣ್ಣನೂ ಹಾಸನದವರೇ. ಹೋಗಿ ಕೇಳಿದೆವು. ‘ರಾತ್ರಿ ಹತ್ತರ ಮೇಲೆ ಒಲೆ ಖಾಲಿ ಇರ್ತದೆ, ಹಿಟ್ಟು ನೀವೇ ಕಲಸ್ಕೊಂಡು ಬನ್ನಿ, ಗ್ಯಾಸ್ ದುಡ್ಡು ಕೊಟ್ಬಿಡಿ’ ಅಂದರು. ಅವರ ಒಲೆಯಲ್ಲಿ ನಾಲ್ಕು ದೊಡ್ಡ ಟ್ರೇ ಹಿಡಿಯುತ್ತೆ, ಒಂದೊಂದರಲ್ಲಿ ಐವತ್ತು. ಎರಡೇ ಸರದಿಗೆ ಮುಗೀತು.

ಮೂರು ಕೆಜಿ ಮೈದಾ, ಎರಡು ಕೆಜಿ ಬೆಣ್ಣೆ, ಮೂರು ಕೆಜಿ ಸೀಬೆ, ಸಕ್ಕರೆ, ಗ್ಯಾಸ್ ದುಡ್ಡು ಎಲ್ಲ ಸೇರಿ ನಮ್ಮ ಅಂದಾಜು ಎರಡೂವರೆ ಸಾವಿರ. ಕಳೆದ ವರ್ಷದ ಕೇಕಿನ ಬಿಲ್ ಖಜಾಂಚಿ ಹತ್ತಿರ ಇದೆ, ಕೇಳಿ ನೋಡಿ, ನಾವು ಇಲ್ಲಿ ಬರೆದು ಅವರನ್ನು ಮುಜುಗರ ಮಾಡಲ್ಲ. ಉಳಿಯುವ ದುಡ್ಡಿನಲ್ಲಿ ಅವತ್ತು ದುಡಿಯುವ ಹೌಸ್‌ಕೀಪಿಂಗ್ ಅಕ್ಕಂದಿರ ಮನೆಗೂ ಒಂದೊಂದು ಡಬ್ಬಿ ಹೋಗಲಿ ಅನ್ನೋದು ನಮ್ಮ ಇನ್ನೊಂದು ಸಲಹೆ.

ಪ್ರಿನ್ಸಿಪಾಲರು ಕತ್ತರಿಸೋಕೆ ಏನೂ ಇರಲ್ಲವಲ್ಲ ಅನ್ನೋದು ಕೊನೆಯ ಆಕ್ಷೇಪ. ಕತ್ತರಿಸೋದು ಬೇಡ, ಹಂಚಲಿ. ತಟ್ಟೆ ಹಿಡಿದು ಮೊದಲ ಸಾಲಿನವರಿಗೆ ಒಂದೊಂದು ಬಿಸ್ಕತ್ತು ಕೊಟ್ಟರೆ ಫೋಟೋ ಇನ್ನೂ ಚೆನ್ನಾಗೇ ಬರುತ್ತೆ. ಬಿಸ್ಕತ್ತನ್ನು ಯಾರ ಮುಖಕ್ಕೂ ಬಳಿಯೋಕಾಗಲ್ಲ ಅನ್ನೋದನ್ನು ಬೇರೆ ಹೇಳಬೇಕಿಲ್ಲ.

ಕಮಿಟಿ ಒಪ್ಪಿದರೆ ಅಕ್ಟೋಬರ್ 30ರ ಸಂಜೆ ಜಾಮ್, 31ರ ರಾತ್ರಿ ಬಿಸ್ಕತ್ತು, ಎರಡೂ ದೊಮ್ಮಲೂರಿನ ನಮ್ಮ ಮನೆಯಲ್ಲೇ. ಹತ್ತು ಕೈ ಬೇಕು. ಸೀಬೆ ಬೀಜ ಸೋಸೋದು ಬೇಜಾರಿನ ಕೆಲಸ, ನಮ್ಮ ಹತ್ತಿರ ಇರೋದು ಒಂದೇ ಜರಡಿ. ಮನೆಯಲ್ಲಿ ಸ್ಟೀಲಿನ ಜರಡಿ ಇದ್ದವರು ಅಮ್ಮನನ್ನು ಕೇಳಿ ತನ್ನಿ, ಪ್ಲಾಸ್ಟಿಕ್‌ದು ಬಿಸಿ ತಿರುಳಿಗೆ ಬಗ್ಗುತ್ತೆ.