ಇಮ್ಯುನಿಟಿ ಅಂತ ಎದೆ ತಟ್ಟಿಕೊಳ್ಳೋರಿಗೆ...

ಮಾಗಡಿ ಸೀಮೆಯ ನಮ್ಮ ಕಲ್ಯ ಗೊತ್ತಲ್ಲ? 1368ರ ಬುಕ್ಕರಾಯನ ಶಾಸನದಿಂದಾಗಿ ಇತಿಹಾಸ ಓದಿದವರಿಗೆ ಪರಿಚಯದ ಊರು. ಈ ಕಡೆ ಯಾವ ಅರಳಿಕಟ್ಟೆ ಮೇಲೆ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. "ನಾವು ಎಂಥಾ ನೀರು ಕುಡಿದ್ರೂ ದಕ್ಕಿಸ್ಕೊಳ್ತೀವಿ, ಬೆಂಗಳೂರಿನೋರಿಗೆ ಇಮ್ಯುನಿಟಿ ಇಲ್ಲ!" ಕೊರೋನಾ ಬಂದುಹೋದ ಮೇಲಂತೂ ಇದು ಮುದ್ದೆ-ಸಾರಿನಷ್ಟೇ ಮಾಮೂಲಿ ಪದ. ಕಷಾಯದ ಪುಡಿ ಮಾರೋರ ಬಾಯಲ್ಲೂ ಅದೇ.

ನನ್ನ ತಕರಾರು ಈ ಹೆಮ್ಮೆಯ ಮೇಲೆ.

ಗೀಲನ್ ಬಾರೆ ಸಿಂಡ್ರೋಮ್ ಅಂತ ಒಂದು ಕಾಯಿಲೆ ಇದೆ. ಚುಟುಕಾಗಿ ಜಿಬಿಎಸ್. 1916ರಲ್ಲಿ ಮೂವರು ಫ್ರೆಂಚ್ ವೈದ್ಯರು ವಿವರಿಸಿದ್ದು. ಭೇದಿಯಾಗಿ ವಾಸಿಯಾದ ಒಂದೆರಡು ವಾರಕ್ಕೆ ಪಾದ ಜುಮ್ಮೆನ್ನುತ್ತೆ, ಎರಡೂ ಕಾಲು ಸೋಲುತ್ತೆ, ಆಮೇಲೆ ಕೈ. ಕೆಲವರಿಗೆ ಉಸಿರಾಟದ ಸ್ನಾಯುಗಳೇ ಕೈಕೊಟ್ಟು ವೆಂಟಿಲೇಟರ್ ಬೇಕಾಗುತ್ತೆ. ನಮ್ಮ ಜನ ಲಕ್ವ ಅಂತಾರೆ, ಗಾಳಿ ಸೋಕು ಅಂತ ತಾಯತ ಕಟ್ಟಿಸ್ತಾರೆ. ದಿನಗಳು ವ್ಯರ್ಥ.

ಇದಕ್ಕೆ ಕಾರಣವಾಗುವ ಸೋಂಕುಗಳಲ್ಲಿ ಮುಖ್ಯವಾದದ್ದು ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಅನ್ನೋ ಬ್ಯಾಕ್ಟೀರಿಯಾ. ಕೊಳಕು ನೀರು, ಸರಿಯಾಗಿ ಬೇಯದ ಕೋಳಿಮಾಂಸದಿಂದ ಬರುತ್ತೆ. ಅದರ ಮೈಮೇಲಿನ ಕೆಲವು ಸಕ್ಕರೆ ಅಣುಗಳು ನಮ್ಮ ನರಗಳ ಮೇಲಿರೋ ಗ್ಯಾಂಗ್ಲಿಯೋಸೈಡ್‌ಗಳ ಥರವೇ ಇರುತ್ತವೆ. ದೇಹ ಬ್ಯಾಕ್ಟೀರಿಯಾ ಕೊಲ್ಲೋಕೆ ಪ್ರತಿಕಾಯ ತಯಾರಿಸುತ್ತೆ, ಅದು ವೇಷ ಗೊತ್ತಾಗದೆ ನರಕ್ಕೂ ಹೊಡೆಯುತ್ತೆ. ನೋಡಿ ಸ್ವಾಮಿ, ಇಲ್ಲಿ ಮನುಷ್ಯನನ್ನ ಮಲಗಿಸೋದು ಬ್ಯಾಕ್ಟೀರಿಯಾ ಅಲ್ಲ, ನಾವು ಹೊಗಳೋ ಅದೇ ಇಮ್ಯುನಿಟಿ!

ಹೆದರಿಸೋದು ನನ್ನ ಉದ್ದೇಶವಲ್ಲ. ಈ ಸೋಂಕು ತಗುಲಿದ ಸಾವಿರ ಜನರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ ಹೀಗಾಗಬಹುದು. ಆದರೆ ಇಡೀ ಬಡಾವಣೆಯ ನೀರೇ ಕೆಟ್ಟರೆ? 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ ಸುತ್ತಮುತ್ತ ಜಿಬಿಎಸ್ ರೋಗಿಗಳ ಸಂಖ್ಯೆ ಏಕಾಏಕಿ ಏರಿ, ಇನ್ನೂರರ ಆಸುಪಾಸಿಗೆ ಹೋಯಿತು. ಹಲವರ ಮಲದ ಮಾದರಿಗಳಲ್ಲಿ ಇದೇ ಬ್ಯಾಕ್ಟೀರಿಯಾ ಸಿಕ್ಕಿತು. ಹೆಚ್ಚು ಪೆಟ್ಟು ತಿಂದದ್ದು ಪಾಲಿಕೆಗೆ ಹೊಸದಾಗಿ ಸೇರಿದ ನಾಂದೇಡ್, ಕಿರ್ಕಟ್‌ವಾಡಿಯಂಥ ಹಳ್ಳಿಗಳು. ಬೆಂಗಳೂರಿನ ಮಗ್ಗುಲಲ್ಲಿರೋ ನಾವು ಇದನ್ನ ಓದಿ ಮರೆತುಬಿಡೋದಾ?

ಇನ್ನು ಖರ್ಚು. ಈ ಇಮ್ಯುನಿಟಿಯನ್ನು ಸಮಾಧಾನ ಮಾಡೋ ಐವಿಐಜಿ ಔಷಧಿ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ಆಗುವಂಥದ್ದು, ಬಿಲ್ಲು ಲಕ್ಷಗಳಲ್ಲಿ. ನಿಮ್ಹಾನ್ಸ್‌ನಂಥ ಕಡೆ ಪ್ಲಾಸ್ಮಾ ಬದಲಾವಣೆಯೂ ಇದೆ. ಬೇಗ ಹೋದರೆ ಹೆಚ್ಚಿನವರು ಮತ್ತೆ ನಡೆಯುತ್ತಾರೆ, ತಿಂಗಳುಗಟ್ಟಲೆ ಆದಮೇಲೆ. ಕೂಲಿ ಮಾಡೋನ ಮನೆಗೆ ಆ ತಿಂಗಳುಗಳನ್ನ ಯಾರು ಕೊಡ್ತಾರೆ?

ಆದ್ದರಿಂದ ದಕ್ಕಿಸಿಕೊಳ್ಳೋ ಮಾತು ಸಾಕು. ಪಂಚಾಯ್ತಿ ಟ್ಯಾಂಕು ಕೊನೇ ಸಲ ತೊಳೆದದ್ದು ಯಾವಾಗ ಅಂತ ಕೇಳಿ. ನಲ್ಲಿ ನೀರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನೋದು ನಮ್ಮ ದೇಶದ್ದೇ ಮಾನದಂಡ; ಯಾರು ಅಳೀತಿದ್ದಾರೆ ಅಂತ ಕೇಳಿ. ಅಲ್ಲೀತನಕ ಕುದಿಸಿ ಕುಡೀರಿ. ಭೇದಿ ನಿಂತಮೇಲೆ ಕಾಲು ಸೋತರೆ ತಾಯತ ಬಿಟ್ಟು ಅವತ್ತೇ ದೊಡ್ಡಾಸ್ಪತ್ರೆಗೆ ಓಡಿ.

ನಿಮ್ಮೂರಿನ ಟ್ಯಾಂಕಿನ ಕಥೆ ಏನು? ನೀವೂ ಬರೀರಿ.