ಉಪವೃತ್ತಿಯ ಆದಾಯ: ಶೇ. 10ರ ಕಡಿತದಿಂದಲೇ ತೆರಿಗೆ ಮುಗಿಯುವುದಿಲ್ಲ

ನಮ್ಮ ಸಣ್ಣ ಕೈಗಾರಿಕಾ ಘಟಕಗಳಲ್ಲಿ ಅನೇಕವು ಪೂರ್ಣಾವಧಿಗೆ ಒಬ್ಬ ವಿನ್ಯಾಸ ಇಂಜಿನಿಯರನ್ನಾಗಲಿ, ಲೆಕ್ಕಪತ್ರ ತಜ್ಞರನ್ನಾಗಲಿ ನೇಮಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ಜಿಗ್ ಮತ್ತು ಫಿಕ್ಸ್‌ಚರ್‌ಗಳ ನಕ್ಷೆ, ಗಣಕ ತಂತ್ರಾಂಶದ ನಿರ್ವಹಣೆ, ಕ್ಯಾಟಲಾಗಿನ ವಿನ್ಯಾಸ ಮುಂತಾದ ಕೆಲಸಗಳನ್ನು ಬೇರೆಡೆ ನೌಕರಿಯಲ್ಲಿರುವವರು ಸಂಜೆಯ ಬಿಡುವಿನಲ್ಲಿ ಮಾಡಿಕೊಡುತ್ತಾರೆ. ಇದು ಉಭಯತರಿಗೂ ಲಾಭದಾಯಕವಾದ ಏರ್ಪಾಡು. ಆದರೆ ಈ ಹಣದ ಮೇಲಿನ ತೆರಿಗೆಯ ವಿಷಯದಲ್ಲಿ ಕೊಡುವವರಲ್ಲಿಯೂ ಪಡೆಯುವವರಲ್ಲಿಯೂ ತಪ್ಪು ತಿಳಿವಳಿಕೆ ಬೇರೂರಿದೆ.

ಮೊದಲು ಕೊಡುವವರ ಹೊಣೆಯನ್ನು ನೋಡೋಣ. 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಂ ಪ್ರಕಾರ ವೃತ್ತಿಪರ ಸೇವೆಯ ಶುಲ್ಕದಿಂದ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಕಡಿತ ಮಾಡಬೇಕು. ವರ್ಷಕ್ಕೆ ರೂ. 30,000 ಇದ್ದ ವಿನಾಯಿತಿ ಮಿತಿಯನ್ನು 2025ರ ಏಪ್ರಿಲ್ 1ರಿಂದ ರೂ. 50,000ಕ್ಕೆ ಏರಿಸಲಾಯಿತು. ಪಾಲುದಾರಿಕೆ ಸಂಸ್ಥೆಗಳಿಗೂ ಕಂಪನಿಗಳಿಗೂ ಈ ಹೊಣೆ ತಪ್ಪಿದ್ದಲ್ಲ. ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ರೂಪಾಯಿ ಮೀರಿದ ಏಕವ್ಯಕ್ತಿ ಮಾಲೀಕತ್ವದ ವ್ಯಾಪಾರಿಗೂ ಇದು ಅನ್ವಯಿಸುತ್ತದೆ. ಕಡಿತ ಮಾಡದಿದ್ದಲ್ಲಿ ಆ ವೆಚ್ಚದ ಶೇ. 30 ಭಾಗವನ್ನು ಇಲಾಖೆಯು ಮಾನ್ಯ ಮಾಡುವುದಿಲ್ಲ. ಒಬ್ಬರಿಗೆ ಒಂದೇ ದಿನ ರೂ. 10,000ಕ್ಕೂ ಮೀರಿ ನಗದಾಗಿ ಕೊಟ್ಟರಂತೂ ಆ ವೆಚ್ಚವು ಪೂರ್ತಿಯಾಗಿ ಅಮಾನ್ಯ. "ಕೈಗೆ ಕೊಟ್ಟು ಮುಗಿಸೋಣ" ಎಂಬ ಸುಲಭ ಮಾರ್ಗವು ಕಡೆಗೆ ನಮ್ಮ ಲಾಭಕ್ಕೇ ಕತ್ತರಿ ಹಾಕುತ್ತದೆ.

ಪಡೆಯುವವರ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಶೇ. 10 ಕಡಿತವಾಯಿತೆಂದರೆ ತೆರಿಗೆ ತೀರಿತು ಎಂದೇ ಹಲವರ ಭಾವನೆ. 2025-26ರ ಆರ್ಥಿಕ ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ ಒಂದು ಲೆಕ್ಕ ಹಾಕೋಣ. ವಾರ್ಷಿಕ ರೂ. 12 ಲಕ್ಷ ಸಂಬಳದ ಇಂಜಿನಿಯರೊಬ್ಬರಿಗೆ ರೂ. 75,000 ಪ್ರಮಾಣಿತ ಕಡಿತ ಕಳೆದರೆ ಆದಾಯ ರೂ. 11.25 ಲಕ್ಷ. ರಿಯಾಯಿತಿಯ ಫಲವಾಗಿ ತೆರಿಗೆ ಶೂನ್ಯ. ಇವರು ಉಪವೃತ್ತಿಯಿಂದ ರೂ. 3 ಲಕ್ಷ ಪಡೆದರೆಂದಿಟ್ಟುಕೊಳ್ಳಿ. 44ಎಡಿಎ ಕಲಂ ಅನ್ವಯ ಅದರ ಅರ್ಧವನ್ನು, ಅಂದರೆ ರೂ. 1.5 ಲಕ್ಷವನ್ನು, ಆದಾಯವೆಂದು ತೋರಿಸಬಹುದು. ಆಗ ಒಟ್ಟು ಆದಾಯ ರೂ. 12.75 ಲಕ್ಷವಾಗಿ ರಿಯಾಯಿತಿಯ ಮಿತಿಯಾದ 12 ಲಕ್ಷವನ್ನು ದಾಟುತ್ತದೆ. ತೆರಿಗೆ ರೂ. 71,250; ಶೇ. 4ರ ಸೆಸ್ ಸೇರಿ ರೂ. 74,100. ಮೂಲದಲ್ಲಿ ಕಡಿತವಾದದ್ದು ಕೇವಲ ರೂ. 30,000. ಉಳಿದ ರೂ. 44,100ನ್ನು ಅವರು ಕೈಯಿಂದಲೇ ತೆರಬೇಕು.

ಬಾಕಿ ತೆರಿಗೆಯು ರೂ. 10,000 ಅಥವಾ ಹೆಚ್ಚಾದರೆ ಮುಂಗಡ ತೆರಿಗೆ ಕಡ್ಡಾಯ. 44ಎಡಿಎ ಆಯ್ದುಕೊಂಡವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಪಾವತಿಸಬಹುದು. ತಪ್ಪಿದರೆ ತಿಂಗಳಿಗೆ ಶೇ. 1ರಂತೆ ಬಡ್ಡಿ ಬೀಳುತ್ತದೆ. ಅವರು ಸಂಬಳದಾರರ 'ಸಹಜ್' ನಮೂನೆಯನ್ನು ಬಳಸುವಂತಿಲ್ಲ. ಒಟ್ಟು ಆದಾಯ ರೂ. 50 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ 'ಸುಗಮ್' ನಮೂನೆ ಸಲ್ಲಿಸಬೇಕು. ಪಾನ್ ಸಂಖ್ಯೆಯ ಮೂಲಕ ನಮ್ಮ ಪಾವತಿಯು ಅವರ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ದಾಖಲಾಗುವುದರಿಂದ ಮರೆಮಾಚುವ ಮಾತೇ ಇಲ್ಲ.

ಇತರ ಆದಾಯವನ್ನು ತಮ್ಮ ಉದ್ಯೋಗದಾತರಿಗೆ ತಿಳಿಸಿ, ಅದರ ತೆರಿಗೆಯನ್ನೂ ಸಂಬಳದಲ್ಲಿಯೇ ಹಿಡಿಸಿಕೊಳ್ಳಲು 192ನೆಯ ಕಲಮಿನಲ್ಲಿ ಅವಕಾಶವಿದೆ. ಆದರೆ ಎಷ್ಟು ಮಂದಿ ಧೈರ್ಯವಾಗಿ ತಿಳಿಸಬಲ್ಲರು? 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋ ಸಂಸ್ಥೆಯು ಪ್ರತಿಸ್ಪರ್ಧಿ ಸಂಸ್ಥೆಗಳಿಗೆ ಕೆಲಸ ಮಾಡುತ್ತಿದ್ದ 300 ಮಂದಿಯನ್ನು ವಜಾ ಮಾಡಿದ್ದನ್ನು ಬೆಂಗಳೂರಿನ ನೌಕರ ವರ್ಗ ಮರೆತಿರಲಾರದು. ಉದ್ಯೋಗದ ಕರಾರು ಬೇರೆ, ತೆರಿಗೆಯ ಹೊಣೆ ಬೇರೆ. ಮಾಲೀಕರ ಒಪ್ಪಿಗೆ ಇಲ್ಲವೆಂಬ ಕಾರಣಕ್ಕೆ ತೆರಿಗೆ ತಪ್ಪುವುದಿಲ್ಲ. ಹಾಗೆಯೇ ತೆರಿಗೆ ಕಟ್ಟಿದ ಮಾತ್ರಕ್ಕೆ ಕರಾರಿನ ಉಲ್ಲಂಘನೆ ಸಕ್ರಮವಾಗದು.

ಸರ್ಕಾರದ ಕಡೆಯಿಂದಲೂ ಒಂದು ಲೋಪ ಸರಿಯಾಗಬೇಕಿದೆ. 194ಜೆ ಕಲಮಿನ ವೃತ್ತಿಗಳ ಪಟ್ಟಿಯಲ್ಲಿ ಜಾಹೀರಾತು ವೃತ್ತಿಯು ಸೇರಿದೆ. 44ಎಡಿಎ ಆಧರಿಸಿರುವ 44ಎಎ ಕಲಮಿನ ಪಟ್ಟಿಯಲ್ಲಿ ಅದರ ಹೆಸರಿಲ್ಲ. ನಕ್ಷೆ ಬರೆಯುವ ಇಂಜಿನಿಯರಿಗೆ ದೊರೆಯುವ ಅರ್ಧದ ಸರಳ ಲೆಕ್ಕ ಜಾಹೀರಾತು ರೂಪಿಸುವವರಿಗೆ ದೊರೆಯದು, ಆದರೆ ಕಡಿತ ಮಾತ್ರ ಇಬ್ಬರಿಗೂ ಶೇ. 10. ಕಡಿತಕ್ಕೆ ವೃತ್ತಿಯೆನಿಸಿದ್ದು ಸರಳ ಲೆಕ್ಕಕ್ಕೂ ವೃತ್ತಿಯೆನಿಸಬೇಕೆಂಬುದು ನ್ಯಾಯವಾದ ಬೇಡಿಕೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ. ಅದರಡಿ ಅಧಿಸೂಚನೆಯ ಮೂಲಕವೇ ಇದನ್ನು ಸರಿಪಡಿಸುವಂತೆ ನಮ್ಮ ಸಂಸ್ಥೆಯು ಆಯವ್ಯಯ ಪೂರ್ವ ಮನವಿಯಲ್ಲಿ ಒತ್ತಾಯಿಸುವುದು ಉಚಿತ.

ಅಲ್ಲಿಯವರೆಗೆ ಸದಸ್ಯ ಬಾಂಧವರು ಮಾಡಬಹುದಾದದ್ದು ಇಷ್ಟು: ಕೆಲಸಕ್ಕೆ ಮುನ್ನ ಲಿಖಿತ ಒಪ್ಪಂದ, ಪಾನ್ ಸಂಖ್ಯೆ ಮತ್ತು ಬಿಲ್ಲು ಪಡೆಯುವುದು, ಬ್ಯಾಂಕಿನ ಮೂಲಕವೇ ಪಾವತಿಸುವುದು, ಕಡಿತದ ಪ್ರಮಾಣಪತ್ರವನ್ನು ಸಕಾಲದಲ್ಲಿ ಕೊಡುವುದು. ಜೊತೆಗೆ, ಶೇ. 10 ಅಂತಿಮ ತೆರಿಗೆಯಲ್ಲವೆಂದು ಒಂದು ಮಾತು ಹೇಳುವುದು. ನಮಗೆ ದುಡಿದುಕೊಟ್ಟವರಿಗೆ ಮರುವರ್ಷ ನೋಟಿಸು ಬಂದರೆ, ಅವರು ಮತ್ತೊಮ್ಮೆ ನಮ್ಮ ಕೆಲಸಕ್ಕೆ ಒಪ್ಪುವುದು ಕಷ್ಟ.